ತತಾಮಿ ಚಾಪೆಯ ಜೊಂಡು: ಕಾಂಡದ ಗುಣವೇ ಸರಕಿನ ಗುಣ

ಜಪಾನಿನ ಮನೆಗಳ ನೆಲಕ್ಕೆ ಹಾಸುವ ತತಾಮಿ ಚಾಪೆಯ ಮೇಲ್ಪದರವನ್ನು ‘ಇಗುಸ’ ಎಂಬ ಜೊಂಡಿನಿಂದ ನೇಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದು ಜುಂಕಸ್ ಕುಲಕ್ಕೆ ಸೇರಿದ್ದು. ಹಳ್ಳದ ದಡ, ಕೊಳದಂಚು ಹಾಗೂ ಜೌಗು ನೆಲಗಳು ಇದರ ಸಹಜ ನೆಲೆ.

ಇದರ ಕಾಂಡವು ದುಂಡಗೆ, ನುಣುಪಾಗಿ, ಗೆಣ್ಣಿಲ್ಲದೆ ನೇರವಾಗಿ ಬೆಳೆಯುತ್ತದೆ. ಎಲೆಗಳು ಬುಡದಲ್ಲಿ ಬರಿಯ ಪೊರೆಗಳಾಗಿ ಉಳಿದಿರುತ್ತವೆ. ಕಾಂಡದೊಳಗಿನ ಸ್ಪಂಜಿನಂತಹ ತಿರುಳಿನಲ್ಲಿ ಗಾಳಿ ತುಂಬಿದ್ದು, ಕೆಸರಿನಲ್ಲಿ ಹುದುಗಿದ ಬೇರುಗಳಿಗೆ ಆಮ್ಲಜನಕ ತಲುಪಲು ಅದು ನೆರವಾಗುತ್ತದೆ. ಚಾಪೆಗೆ ಮೆದುತನವನ್ನೂ ತೇವ ಹೀರುವ ಗುಣವನ್ನೂ ಕೊಡುವುದು ಇದೇ ತಿರುಳು. ತಮಿಳುನಾಡಿನ ಪತ್ತಮಡೈ ಚಾಪೆಯ ಕೋರೈ ಹುಲ್ಲು ಬೇರೆ ಕುಟುಂಬದ್ದು. ಆ ಕುಟುಂಬದ ಕಾಂಡಗಳು ಸಾಮಾನ್ಯವಾಗಿ ಮೂರು ಮೂಲೆಯವು. ಎರಡನ್ನೂ ‘ಜೊಂಡು’ ಎಂದೇ ಕರೆದು ಖರೀದಿಸುವವರು ಕಾಂಡವನ್ನು ಅಡ್ಡಲಾಗಿ ಕತ್ತರಿಸಿ ನೋಡುವುದು ಒಳಿತು.

ಕುಮಮೊಟೊ ಪ್ರಾಂತ್ಯದ ಯತ್ಸುಶಿರೊ ಪ್ರದೇಶದಲ್ಲಿ ಇಗುಸವನ್ನು ಚಳಿಗಾಲದಲ್ಲಿ ನೀರುಗದ್ದೆಗಳಲ್ಲಿ ನಾಟಿ ಮಾಡಿ, ಜೂನ್-ಜುಲೈನಲ್ಲಿ ಕೊಯ್ಯುತ್ತಾರೆ. ಬಣ್ಣ ಮತ್ತು ಹೊಳಪು ಉಳಿಯಲೆಂದು ಕಾಂಡಗಳನ್ನು ಮಣ್ಣಿನ ತಿಳಿರಾಡಿಯಲ್ಲಿ ಅದ್ದಿ ಒಣಗಿಸುತ್ತಾರೆ.

ಚೀನಾದಿಂದ ಅಗ್ಗದ ಇಗುಸ ಹರಿದುಬಂದಾಗ, ಜಪಾನ್ 2001ರ ಏಪ್ರಿಲ್‌ನಲ್ಲಿ ಇಗುಸ, ಈರುಳ್ಳಿಯ ಒಂದು ಜಾತಿ ಮತ್ತು ಶಿಟಾಕೆ ಅಣಬೆಗಳ ಮೇಲೆ 200 ದಿನಗಳ ತಾತ್ಕಾಲಿಕ ರಕ್ಷಣಾ ಸುಂಕವನ್ನು ವಿಧಿಸಿತು. ಜೂನ್‌ನಲ್ಲಿ ಚೀನಾವು ಜಪಾನಿನ ಕಾರು, ಮೊಬೈಲ್ ಫೋನ್ ಹಾಗೂ ಹವಾನಿಯಂತ್ರಕಗಳಿಗೆ ಶೇ. 100ರ ವಿಶೇಷ ಸುಂಕದಿಂದ ಉತ್ತರ ನೀಡಿತು. ಡಿಸೆಂಬರ್‌ನಲ್ಲಿ ಒಪ್ಪಂದವಾಯಿತಾದರೂ, ಜಪಾನಿನ ಇಗುಸ ಬೆಳೆಗಾರರ ಸಂಖ್ಯೆ ಅನಂತರವೂ ಇಳಿಯುತ್ತಲೇ ಬಂದಿದೆ.

ಗದ್ದೆಯ ಜೊಂಡಿಗಾಗಿ ಎದ್ದ ವಿವಾದದ ಬೆಲೆಯನ್ನು ಕಾರು ತಯಾರಕರೂ ತೆರಬೇಕಾಯಿತು. ತಮ್ಮ ಸರಕಿಗೆ ಸಂಬಂಧವೇ ಇಲ್ಲದ ಸುಂಕದ ಸುದ್ದಿಯನ್ನೂ ವರ್ತಕರು ಗಮನಿಸತಕ್ಕದ್ದು ಇದಕ್ಕಾಗಿಯೇ.