ಅಡಿಕೆ ಕೊಟ್ಟಿಗೆಯ ದೀಪ ಆರದಿರಲಿ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ವಾಸದ ಮನೆಗೆ ತಾಗಿಕೊಂಡೋ ಅಂಗಳದ ಆಚೆಗೋ ಒಂದು ಹೆಂಚಿನ ಕೊಟ್ಟಿಗೆ ಇರುವುದು ಎಲ್ಲರಿಗೂ ತಿಳಿದ ವಿಷಯ. ಒಂದು ಮಗ್ಗುಲಲ್ಲಿ ದನಕರು, ಇನ್ನೊಂದು ಮಗ್ಗುಲಲ್ಲಿ ಸೌದೆ ಮತ್ತು ಅಡಿಕೆ ಬೇಯಿಸುವ ಒಲೆ, ಮೇಲೊಂದು ಅಟ್ಟ. ಮನೆಯ ಆಸ್ತಿಯ ಲೆಕ್ಕ ಹೇಳುವಾಗ ಇದರ ಹೆಸರನ್ನು ಯಾರೂ ಎತ್ತುವುದಿಲ್ಲ. ಆದರೆ ನಮ್ಮ ಊರುಗಳ ಅರ್ಧ ಬದುಕು ನಡೆದದ್ದು ಈ ಮಾಡಿನ ಕೆಳಗೇ ಎಂದರೆ ಅತಿಶಯೋಕ್ತಿಯಲ್ಲ.

ಸುಲಿತದ ರಾತ್ರಿಗಳು

ಮಳೆ ಹಿಂದೆಗೆದು ಕೊನೆ ಕೊಯ್ಲು ಬಿರುಸಾದರೆ ಅಡಿಕೆ ನಮಗಾಗಿ ಕಾಯುವುದಿಲ್ಲ. ರಾಶಿ ಹಾಕಿ ತಡಮಾಡಿದರೆ ಬಣ್ಣ ಕೆಡುತ್ತದೆ. ಹಗಲು ಕೊಯ್ದದ್ದನ್ನು ರಾತ್ರಿಯೇ ಸುಲಿಯಬೇಕಾಗಿ ಬಂದದ್ದು ಇದರಿಂದಲೇ. ಕೆಲವರು ಡಬ್ಬದ ಲೆಕ್ಕದ ಕೂಲಿಗೆ ಬರುತ್ತಿದ್ದರು, ಕೆಲವರು ಮುಯ್ಯಾಳಾಗಿ ಬರುತ್ತಿದ್ದರು. ಇಂದು ನಮ್ಮ ಮನೆ, ನಾಳೆ ನಿಮ್ಮ ಮನೆ. ಮಣೆಯ ಮೇಲೆ ಕುಳಿತು, ಮೆಟ್ಟುಗತ್ತಿಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಲಾಟೀನಿನ ಬೆಳಕಿನಲ್ಲಿ ಕೈ ಓಡುತ್ತಿದ್ದರೆ ಬಾಯಿಗೆ ಬಿಡುವು. ಒಗಟು, ಚೌಡಿ-ಭೂತದ ಕತೆ, ಹಿಂದಿನ ವಾರ ನೋಡಿದ ಯಕ್ಷಗಾನದ ಅರ್ಥದ ಚರ್ಚೆ, ಸಂಬಂಧ ಕುದುರಿಸುವ ಮಾತು ಎಲ್ಲವೂ ಅಲ್ಲಿಯೇ. 1965ರಲ್ಲಿ ಭದ್ರಾವತಿ ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋ ಕೂಡ ಕೊಟ್ಟಿಗೆಗೆ ಬಂತು. ನಡುವೆ ಒಮ್ಮೆ ಬೆಲ್ಲದ ಕಾಫಿ. ಕತೆ ಮುಗಿಯುವ ಮೊದಲೇ ಸಿಪ್ಪೆಯ ರಾಶಿಯ ಮೇಲೆ ನಿದ್ದೆಹೋದ ಮಕ್ಕಳಲ್ಲಿ ನಾವೂ ಇದ್ದೆವು.

ಎಲ್ಲವೂ ಸೊಗಸಾಗಿತ್ತು ಎಂದು ಹೇಳಿದರೆ ಸುಳ್ಳಾದೀತು. ಹಗಲೆಲ್ಲ ದುಡಿದ ಹೆಂಗಸರು ರಾತ್ರಿ ಮತ್ತೆ ಮಣೆ ಹಾಕಿ ಕೂರಬೇಕಿತ್ತು. ಬೆರಳು ಕೊಯ್ದುಕೊಳ್ಳುತ್ತಿತ್ತು. ಅಂಗೈಗೆ ಹತ್ತಿದ ಕಪ್ಪು ಸುಗ್ಗಿ ಮುಗಿದರೂ ಹೋಗುತ್ತಿರಲಿಲ್ಲ. ಆ ಕಷ್ಟ ಮರಳಿ ಬರಲಿ ಎಂದು ನಾವು ಬಯಸುವುದಿಲ್ಲ.

ಕೊಟ್ಟಿಗೆಯೇ ಶಾಲೆ

ಆದರೆ ಅಲ್ಲಿ ನಡೆಯುತ್ತಿದ್ದದ್ದು ಸುಲಿತ ಮಾತ್ರವಲ್ಲ. ಎಳೆಯದು ಹಸಕ್ಕೆ, ಕೊಂಚ ಬಲಿತದ್ದು ಬೆಟ್ಟೆಗೆ, ಇನ್ನೂ ಬಲಿತದ್ದು ಇಡಿಗೆ, ಮೀರಿ ಬಲಿತದ್ದು ಗೊರಬಲಿಗೆ ಎಂಬ ವಿಂಗಡಣೆಯನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಚೊಗರು ಎಷ್ಟು ಮಂದವಿದ್ದರೆ ಬಣ್ಣ ಏರುತ್ತದೆ, ಯಾವಾಗ ಒಲೆಯ ಉರಿ ತಗ್ಗಿಸಬೇಕು ಎಂಬುದನ್ನು ಅಜ್ಜಯ್ಯ ಹಂಡೆಯ ಬಳಿ ನಿಲ್ಲಿಸಿಕೊಂಡು ತೋರಿಸಿಕೊಟ್ಟದ್ದು. ಕತೆಯೊಂದಿಗೆ ಕಸುಬೂ ಕಿವಿಗೆ ಬೀಳುತ್ತಿತ್ತು.

ದೀಪಾವಳಿ ಬಂದರೆ ಇದೇ ಕೊಟ್ಟಿಗೆ ದೇವರ ಮನೆಯಾಗುತ್ತಿತ್ತು. ದನಗಳ ಮೈಗೆ ಜೇಡಿ-ಕೆಮ್ಮಣ್ಣಿನ ಗುರುತು, ಕೊರಳಿಗೆ ಅಡಿಕೆ ಮತ್ತು ಚೆಂಡುಹೂವಿನ ಮಾಲೆ. ರಾತ್ರಿ ಅಂಟಿಗೆ-ಪಂಟಿಗೆಯವರು ಹಾಡುತ್ತ ಬಂದರೆ ಅವರು ತಂದ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಅಡಿಕೆ ಕೊಟ್ಟು ಕಳಿಸುವುದು ಮನೆಯ ಮರ್ಯಾದೆ.

ದೂರದ ಅಮೆರಿಕದ ಹಳ್ಳಿಗಳಲ್ಲಿಯೂ ಇಂಥದೇ ಪದ್ಧತಿ ಇದ್ದುದು ಸ್ವಾರಸ್ಯಕರ. ಅಲ್ಲಿನ ರೈತರ ಕೊಟ್ಟಿಗೆಗೆ ಬಾರ್ನ್ ಎಂದು ಹೆಸರು. ಅದರ ಮರದ ಚೌಕಟ್ಟನ್ನು ನೆರೆಹೊರೆಯವರು ಒಟ್ಟಾಗಿ ಎತ್ತಿ ನಿಲ್ಲಿಸುತ್ತಿದ್ದರು. ಸುಗ್ಗಿಯಲ್ಲಿ ಊರಿನವರು ಅಲ್ಲಿ ಸೇರಿ ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದರು. ಕೆಂಪು ತೆನೆ ಸಿಕ್ಕ ಹುಡುಗನಿಗೆ ಮೆಚ್ಚಿದ ಹುಡುಗಿಗೆ ಮುತ್ತಿಡುವ ಸಲಿಗೆಯಿತ್ತಂತೆ! ನಮ್ಮಲ್ಲಿ ಅಷ್ಟು ಧೈರ್ಯವಿರಲಿಲ್ಲ; ಒಗಟು ಬಿಡಿಸಿ ಮೆಚ್ಚಿಸಬೇಕಿತ್ತು, ಅಷ್ಟೆ.

ಈಗಿನ ಸ್ಥಿತಿ

ಇಂದು ಸುಲಿಯುವ ಯಂತ್ರ ಬಂದಿದೆ. ಆಳು ಸಿಗದ ಕಾಲದಲ್ಲಿ ಅದು ಉಪಕಾರವೇ ಸರಿ. ಆದರೆ ಅದರ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡ ಮನೆಗಳಲ್ಲಿ ಸುಲಿಯಲು ಅಡಿಕೆಯೇ ಇಲ್ಲ. ಅದರ ಮೇಲೆ ಎಲೆಚುಕ್ಕಿ ರೋಗದ ಕಾಟ ಬೇರೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಬರಿದಾದ ಕೊಟ್ಟಿಗೆಯಲ್ಲಿ ಒಂದು ಹೆಂಚು ಸರಿದರೆ ನೋಡುವವರಿಲ್ಲ. ನೀರಿಳಿದು ಪಕಾಸಿ ಕೊಳೆತು, ಕೆಲವೇ ಮಳೆಗಾಲದಲ್ಲಿ ಮಾಡೇ ಕುಸಿಯುತ್ತದೆ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ಈ ಬದುಕನ್ನು ತಮ್ಮ ಕಾದಂಬರಿಗಳಲ್ಲಿ ಬರೆದಿಟ್ಟರು. ಆದರೆ ನಮ್ಮ ನಮ್ಮ ಮನೆಯ ಕತೆಯನ್ನು ನಾವಲ್ಲದೆ ಇನ್ನಾರು ಉಳಿಸಬೇಕು?

ಸದಸ್ಯರಲ್ಲಿ ನಮ್ಮ ವಿನಂತಿ ಮೂರು. ಮಳೆಗಾಲಕ್ಕೆ ಮುಂಚೆ ಕೊಟ್ಟಿಗೆಯ ಹೆಂಚು ಕೈಯಾಡಿಸಿರಿ. ಮೆಟ್ಟುಗತ್ತಿಗಳನ್ನು ಗುಜರಿಗೆ ಹಾಕಬೇಡಿರಿ. ಈ ಸಲದ ಕೊಯ್ಲಿನಲ್ಲಿ ಒಂದು ರಾತ್ರಿಯಾದರೂ ಯಂತ್ರ ನಿಲ್ಲಿಸಿ, ಒಂದೆರಡು ಡಬ್ಬ ಅಡಿಕೆ ಬೇರೆ ತೆಗೆದಿಟ್ಟು, ನೆರೆಯವರನ್ನೂ ರಜೆಗೆ ಬಂದ ಮಕ್ಕಳನ್ನೂ ಕರೆದು ಕೂರಿಸಿರಿ. ಸುಲಿದು ಸುಲಿದು ಕೈ ಸವೆಸಿಕೊಂಡ ಹಿರಿಯ ಹೆಂಗಸರಿಗೆ ಅಂದು ಮಣೆ ಬೇಡ, ಕುರ್ಚಿ ಹಾಕಿರಿ. ಅವರು ಹೇಳಲಿ, ನಾವು ಸುಲಿಯೋಣ.