ಹಳೆಯ ಬ್ಯಾರನ್ನಿಗೆ ಹೊಸ ಗಾಳಿಕಿಂಡಿ

ಕಾವೇರಿಯ ತಡಿಯ ರಾಮನಾಥಪುರದಿಂದ ಹೊರಟು, ಅರಕಲಗೂಡನ್ನು ಹಾದು, ಹೇಮಾವತಿಯ ತಡಿಯ ಹೊಳೆನರಸೀಪುರದತ್ತ ಸಾಗುವ ಪಯಣಿಗನಿಗೆ, ವಾಸದ ಮನೆಯೂ ಅಲ್ಲದ, ಧಾನ್ಯದ ಕಣಜವೂ ಅಲ್ಲದ, ಕಿಟಕಿಗಳಿಲ್ಲದ ಎತ್ತರದ ಗೋಡೆಗಳ ಕಟ್ಟಡಗಳು ಹೊಲಗಳ ನಡುವೆ ಅಲ್ಲಲ್ಲಿ ಗೋಚರಿಸುತ್ತವೆ. ಹೊಗೆಸೊಪ್ಪನ್ನು ಬೇಯಿಸಿ ಹದಗೊಳಿಸುವ ಬ್ಯಾರನ್ನುಗಳಿವು. ಹೊರಗಿನಿಂದ ಸೌದೆಯೊಡ್ಡುವ ಒಲೆ, ಅದರ ಶಾಖವನ್ನು ನೆಲದುದ್ದಕ್ಕೂ ಒಯ್ಯುವ ತಗಡಿನ ಕೊಳವೆಗಳು, ಅವುಗಳ ಮೇಲೆ ಅಂತಸ್ತು ಅಂತಸ್ತಾಗಿ ಕಡ್ಡಿಗಳಿಗೆ ಕಟ್ಟಿ ತೂಗಿದ ಹಸಿರೆಲೆ, ಇವೆಲ್ಲವೂ ಕೃಷಿಕನ ನಿತ್ಯಚಿಂತನೆಯ ವಿಷಯಗಳು. ಆದರೆ ಗೋಡೆಯ ಬುಡದಲ್ಲಿಯೂ ಮಾಡಿನ ನೆತ್ತಿಯಲ್ಲಿಯೂ ಇರುವ ಕಿಂಡಿಗಳ ಕಡೆಗೆ ಗಮನ ಹರಿಯುವುದು ವಿರಳ. ಬ್ಯಾರನ್ನಿನ ಯೋಗಕ್ಷೇಮವು ಒಲೆಯನ್ನು ಎಷ್ಟು ಆಶ್ರಯಿಸಿದೆಯೋ ಈ ಕಿಂಡಿಗಳನ್ನೂ ಅಷ್ಟೇ ಆಶ್ರಯಿಸಿರುವುದರಿಂದ, ಹಳೆಯವು ಶಿಥಿಲವಾದಾಗ ಅವುಗಳ ಸ್ಥಾನದಲ್ಲಿ ಎಂಥವನ್ನು ಕೂರಿಸಬೇಕೆಂಬುದು ಸಾವಧಾನವಾಗಿ ವಿಚಾರಿಸತಕ್ಕ ಪ್ರಶ್ನೆ.

ಆಗತಾನೆ ಮುರಿದ ಸೊಪ್ಪಿನ ತೂಕದಲ್ಲಿ ನೂರಕ್ಕೆ 80 ಪಾಲಿಗೂ ಮಿಗಿಲಾದುದು ನೀರೇ. ಆ ನೀರನ್ನು ಆವಿಯಾಗಿಸುವುದು ಶಾಖದ ಕೆಲಸವಾದರೆ, ಆವಿಯನ್ನು ಹೊತ್ತು ಹೊರಗೊಯ್ಯುವುದು ಗಾಳಿಯ ಕೆಲಸ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿಯು ಸುಮಾರು 17 ಗ್ರಾಂ ಆವಿಯನ್ನು ಮಾತ್ರ ಧರಿಸಬಲ್ಲುದು. 50 ಡಿಗ್ರಿಗೆ ಕಾದರೆ ಅದರ ಧಾರಣಶಕ್ತಿ 83 ಗ್ರಾಂವರೆಗೆ ಏರುತ್ತದೆ. ಆದುದರಿಂದಲೇ ಆಷಾಢ ಶ್ರಾವಣಗಳ ತೇವದ ಗಾಳಿಯೂ ಕೆಳಗಿನ ಕಿಂಡಿಯಿಂದ ಒಳಸೇರಿ ಕೊಳವೆಗಳ ಸಂಪರ್ಕದಿಂದ ಕಾದೊಡನೆ ಸೊಪ್ಪಿನ ನೀರನ್ನು ಹೀರಿಕೊಂಡು, ಹಗುರವಾಗಿ ಮೇಲೇರಿ, ನೆತ್ತಿಯ ಕಿಂಡಿಯಿಂದ ನಿರ್ಗಮಿಸುತ್ತದೆ.

ಈ ಸಂಚಾರವು ಸರ್ವದಾ ಒಂದೇ ಪ್ರಮಾಣದಲ್ಲಿ ಇರಕೂಡದು. ಮೊದಲ ಹಂತದಲ್ಲಿ, 35ರಿಂದ 40 ಡಿಗ್ರಿಯ ಆಸುಪಾಸಿನ ಮಂದ ಶಾಖದಲ್ಲಿ, ಎಲೆಯು ಇನ್ನೂ ಸಜೀವವಾಗಿದ್ದು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುತ್ತ ಹಸುರನ್ನು ತೊರೆದು ಹಳದಿಗೆ ತಿರುಗಬೇಕಾದುದರಿಂದ ಒಳಗೆ ತೇವವಿರಬೇಕು, ಕಿಂಡಿಗಳು ಬಹುಮಟ್ಟಿಗೆ ಮುಚ್ಚಿರಬೇಕು. ಬಣ್ಣ ಕಟ್ಟಿದ ಮೇಲೆ ಶಾಖವನ್ನು ಹಂತಹಂತವಾಗಿ ಏರಿಸುತ್ತ ಕಿಂಡಿಗಳನ್ನು ತೆರೆಯಬೇಕು. ಅವಸರಪಟ್ಟು ಮೊದಲೇ ಒಣಗಿಸಿದರೆ ಹಸುರು ಎಲೆಯಲ್ಲಿಯೇ ನಿಂತುಬಿಡುತ್ತದೆ. ತಡಮಾಡಿದರೆ ಆವಿಯಲ್ಲಿ ಬೆಂದು ಕಂದಾಗುತ್ತದೆ. ಕಡೆಯಲ್ಲಿ ದಪ್ಪನಾದ ನಡುನರವನ್ನು ಒಣಗಿಸುವಾಗ, ಉಷ್ಣತೆ 70 ಡಿಗ್ರಿಯ ಸಮೀಪಕ್ಕೆ ಬಂದಿರುವಾಗ, ಶಾಖ ಪೋಲಾಗದಂತೆ ಕಿಂಡಿಗಳನ್ನು ಮತ್ತೆ ಮುಚ್ಚಬೇಕು. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಸೊಪ್ಪಿನ ಬೆಲೆಯನ್ನು ನಿರ್ಣಯಿಸುವ ವರ್ಣವು ಹೀಗೆ ಕೆಲವೇ ದಿನಗಳ ತೆರೆಯುವಿಕೆ ಮುಚ್ಚುವಿಕೆಗಳಲ್ಲಿ ಸಿದ್ಧವಾಗುತ್ತದೆ.

ಇದನ್ನು ಗ್ರಹಿಸಿದವರಿಗೆ ಆಯ್ಕೆಯ ಸೂತ್ರಗಳು ತಾವಾಗಿ ಸ್ಪಷ್ಟವಾಗುತ್ತವೆ. ಕಿಂಡಿಯು ತೆರೆಯುವಷ್ಟೇ ಚೆನ್ನಾಗಿ ಮುಚ್ಚಿಕೊಳ್ಳಬೇಕೆಂಬುದು ಮೊದಲನೆಯದು. ಮರದ ಹಲಗೆಯ ಮುಚ್ಚಳ ತೇವಕ್ಕೂ ಶಾಖಕ್ಕೂ ಸಿಕ್ಕಿ ಸೊಟ್ಟಗಾಗುತ್ತದೆ. ತೆಳು ತಗಡಿನದು ತುಕ್ಕು ಹಿಡಿದು ಬಿರುಕುಬಿಡುತ್ತದೆ. ಚೌಕಟ್ಟಿನೊಳಗೆ ಬಿಗಿಯಾಗಿ ಕೂರುವ, ಸತುಲೇಪದ ದಪ್ಪ ತಗಡಿನ ಮುಚ್ಚಳವೇ ಲೇಸು. ಮೇಲಿನ ಕಿಂಡಿಗಳಿಗೂ ಕೆಳಗಿನವಕ್ಕೂ ವಿಸ್ತಾರದಲ್ಲಿ ಹೊಂದಾಣಿಕೆಯಿರಬೇಕೆಂಬುದು ಎರಡನೆಯದು. ಒಳಬರುವ ದಾರಿ ಇಕ್ಕಟ್ಟಾಗಿದ್ದರೆ ನೆತ್ತಿಯನ್ನು ಎಷ್ಟು ಅಗಲವಾಗಿ ತೆರೆದರೂ ಪ್ರಯೋಜನವಿಲ್ಲ. ಕೆಳಗಿನವು ಎಲ್ಲ ಪಾರ್ಶ್ವಗಳಲ್ಲಿಯೂ ಹಂಚಿಕೊಂಡು, ಕೊಳವೆಗಳ ಮಟ್ಟಕ್ಕಿಂತ ತಗ್ಗಿನಲ್ಲಿರಬೇಕೆಂಬುದು ಮೂರನೆಯದು. ಇಲ್ಲದಿದ್ದಲ್ಲಿ ತಣ್ಣನೆಯ ಗಾಳಿ ಕಾಯದೆಯೇ ಎಲೆಗೆ ತಾಗಿ, ಒಂದು ಮೂಲೆ ಒಣಗಿ ಇನ್ನೊಂದು ಮೂಲೆ ಹಸಿಯಾಗಿ ಉಳಿದೀತು. ನೆತ್ತಿಯ ಮುಚ್ಚಳವನ್ನು ನೆಲದಲ್ಲಿ ನಿಂತೇ ಹಗ್ಗ ರಾಟೆಗಳಿಂದ ಆಡಿಸುವ ಅನುಕೂಲವಿರಬೇಕೆಂಬುದು ನಾಲ್ಕನೆಯದು. ನಡುರಾತ್ರಿಯ ಮಳೆಯಲ್ಲಿ ಮಾಡು ಹತ್ತಬೇಕಾದ ಕಿಂಡಿಯು ತಕ್ಕ ಹೊತ್ತಿಗೆ ತೆರೆದುಕೊಳ್ಳುವುದಿಲ್ಲ. ಗಾಳಿಯ ಬಲದಿಂದ ತಿರುಗುವ ಟರ್ಬೊ ವೆಂಟಿಲೇಟರನ್ನು ಕೂರಿಸುವವರು ಅದರ ಕಂಠಕ್ಕೆ ಮುಚ್ಚುವ ಫಲಕವನ್ನು ಅಗತ್ಯವಾಗಿ ಅಳವಡಿಸತಕ್ಕದ್ದು. ಅದಿಲ್ಲವಾದರೆ ಬೇಡದ ವೇಳೆಯಲ್ಲಿಯೂ ಅದು ಶಾಖವನ್ನು ಹೊರಗೆಳೆಯುತ್ತಲೇ ಇರುತ್ತದೆ.

ಇಷ್ಟು ಎಚ್ಚರ ಬೆಲೆಯ ಸಲುವಾಗಿ ಮಾತ್ರವಲ್ಲ. ಒಂದು ಕಿಲೋ ಹದವಾದ ಸೊಪ್ಪಿಗೆ ಸುಮಾರು 4ರಿಂದ 5 ಕಿಲೋ ಸೌದೆ ಉರಿಯುವುದರಿಂದ, ಸೋರುವ ಪ್ರತಿಯೊಂದು ಕಿಂಡಿಯೂ ಮರವನ್ನು ನುಂಗುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟಗಳ ಗರಿ ಮಟ್ಟೆಗಳೂ, ಹಾಸನ ಜಿಲ್ಲೆಯ ಕಾಫಿಯ ಸಿಪ್ಪೆಯಿಂದ ಒತ್ತಿದ ಇಂಧನದ ಇಟ್ಟಿಗೆಗಳೂ ಸೌದೆಗೆ ಬದಲಾಗಬಲ್ಲವಾದರೂ, ಅವುಗಳ ಶಾಖವೂ ಅದೇ ಬಿರುಕಿನಿಂದ ಹೋಗುವುದಾದರೆ ಲಾಭವೇನು? ಹೊಗೆಸೊಪ್ಪು ಆರೋಗ್ಯಕ್ಕೆ ಹಾನಿಕರವೆಂಬುದು ನಿರ್ವಿವಾದ. ಅದರ ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತವು 2004ರಲ್ಲಿ ಅಂಗೀಕರಿಸಿದೆ. ರೈತನು ಬೇರೆ ಬೆಳೆಗೆ ಸರಿಯುವುದು ಶ್ರೇಯಸ್ಕರವೇ ಆದರೂ, ಆ ಪರಿವರ್ತನೆ ಕೈಗೂಡುವತನಕ ಬೆಂಕಿಗೆ ಬೀಳುವ ಮರಗಳ ಸಂಖ್ಯೆಯನ್ನು ತಗ್ಗಿಸುವುದು ನಮ್ಮ ಕೈಯಲ್ಲಿಯೇ ಇದೆ.

ಆದುದರಿಂದ ಅರಕಲಗೂಡು, ಹೊಳೆನರಸೀಪುರಗಳ ಬೆಳೆಗಾರ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಸೊಪ್ಪು ಮುರಿಯುವ ಗಡಿಬಿಡಿ ಆರಂಭವಾಗುವ ಮುನ್ನವೇ ಬ್ಯಾರನ್ನಿನೊಳಗೆ ನಿಂತು, ಬಾಗಿಲನ್ನೂ ಕಿಂಡಿಗಳನ್ನೂ ಮುಚ್ಚಿಸಿ, ಎಲ್ಲೆಲ್ಲಿ ಹಗಲಿನ ಬೆಳಕು ಇಣುಕುತ್ತದೆಯೋ ಅಲ್ಲೆಲ್ಲ ಗುರುತು ಹಾಕಿರಿ. ಮೊದಲು ಅವನ್ನು ಸರಿಪಡಿಸಿ, ಬಳಿಕ ಸೌದೆ ಕೊಳ್ಳಲು ಹೊರಡಿರಿ.