ವೇಗದ ವಾಹನವೂ ಸಮಾನಶೀಲರ ಸಂಘವೂ

ಹಣವುಳ್ಳವನು ವಸ್ತುವನ್ನು ಕೊಳ್ಳಬಹುದು. ಅದರ ಮರ್ಮವನ್ನು ಕೊಳ್ಳಲಾರನು. ಮರ್ಮವು ಬಲ್ಲವರ ಸಹವಾಸದಿಂದಲೇ ಲಭಿಸತಕ್ಕದ್ದು. ಈ ಮಾತು ವೀಣೆಗೆ ಹೇಗೆ ಸಲ್ಲುವುದೋ ಹಾಗೆಯೇ ಈ ಕಾಲದ ತರುಣರು ಬಹುವಾಗಿ ಮೆಚ್ಚುವ ಸ್ಪೋರ್ಟ್ಸ್ ಕಾರಿಗೂ ಸಲ್ಲುವುದು. ನಗರದಲ್ಲಿ ದುಡಿಯುವ ಮಗನು ಇಂಥದೊಂದು ವಾಹನವನ್ನು ಕೊಂಡು, ಅದನ್ನು ಪ್ರೀತಿಸುವವರ ಸಂಘವನ್ನು ಸೇರುವೆನೆಂದರೆ, ಮನೆಯ ಹಿರಿಯರು ಅದನ್ನು ಹಣವಂತರ ಹುಚ್ಚೆಂದು ತಳ್ಳಿಬಿಡುವುದುಂಟು. ಆ ಸಂಘಗಳ ಸ್ವರೂಪವನ್ನು ಕೊಂಚ ವಿಚಾರಿಸಿ ನೋಡೋಣ.

ಮೋಟಾರು ಹುಟ್ಟಿದೊಡನೆಯೇ ಅದರ ಅಭಿಮಾನಿಗಳ ಕೂಟವೂ ಹುಟ್ಟಿತು. ಪ್ಯಾರಿಸ್ಸಿನಲ್ಲಿ ೧೮೯೫ರಲ್ಲಿಯೇ ಇಂಥದೊಂದು ಕ್ಲಬ್ಬು ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಕಲಕತ್ತೆಯವರು ೧೯೦೪ರಲ್ಲಿ ಸಂಘವನ್ನು ಕಟ್ಟಿದರು. ನಮ್ಮ ನಾಡಿನಲ್ಲಿ ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಕೆ-೧೦೦೦ ಎಂಬ ರ‍್ಯಾಲಿಯಿಂದ ಹೆಸರಾಗಿದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ನಿರ್ಮಿಸಿದ ಓಟದ ಪಥವೂ, ಕೊಯಮತ್ತೂರಿನ ಬಳಿ ೨೦೦೩ರಲ್ಲಿ ತೆರೆದ ಕರಿ ಮೋಟಾರ್ ಸ್ಪೀಡ್‌ವೇಯೂ ವೇಗಕ್ಕೆಂದೇ ಮೀಸಲಾದ ಸ್ಥಾನಗಳು.

ಸಂಘದಲ್ಲಿ ದೊರೆಯುವುದೇನು? ಮಹಾಭಾರತದ ನಲೋಪಾಖ್ಯಾನವನ್ನು ವಾಚಕರು ಸ್ಮರಿಸಲಿ. ಬಾಹುಕನೆಂಬ ವೇಷದಲ್ಲಿದ್ದ ನಳನು ಋತುಪರ್ಣನಿಗೆ ಅಶ್ವಹೃದಯವನ್ನು ಕೊಡಲೊಪ್ಪಿ ಅವನಿಂದ ಅಕ್ಷಹೃದಯವನ್ನು ಪಡೆದನು. ವಿದ್ಯೆಗೆ ವಿದ್ಯೆಯೇ ಬೆಲೆ. ಇಲ್ಲಿಯೂ ಹಾಗೆಯೇ. ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕೆಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆಂದು ಹೊಸಬನು ಒಬ್ಬನಿಂದ ತಿಳಿಯುವನು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿ ಕ್ರಮೇಣ ಬೇಗ ಕುದಿಯತಕ್ಕದ್ದಾಗುವುದು. ಕುದಿದರೆ ಬ್ರೇಕು ಹಿಡಿಯದೆ ಹೋಗುವುದು. ಆದುದರಿಂದ ಅದನ್ನು ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಬದಲಿಸಬೇಕೆಂದು ಮತ್ತೊಬ್ಬನು ತಿಳಿಸುವನು. ನೆಲಕ್ಕೆ ತಗ್ಗಾದ ಈ ವಾಹನವನ್ನು ರಸ್ತೆಯ ಉಬ್ಬಿನ ಮೇಲೆ ಓರೆಯಾಗಿ, ಮೆಲ್ಲನೆ ಹಾಯಿಸುವ ಉಪಾಯವನ್ನು ಮೂರನೆಯವನು ತೋರಿಸುವನು. ಇವೆಲ್ಲ ಅಲ್ಪವೆಂದು ತೋರಬಹುದು. ಪ್ರಾಣವು ನಿಂತಿರುವುದು ಇಂಥ ಅಲ್ಪ ವಿಷಯಗಳ ಮೇಲೆಯೇ.

ಪ್ರಾಣದ ಮಾತು ಬಂದುದರಿಂದ ಲೆಕ್ಕವೊಂದನ್ನು ಹೇಳುವೆವು. ಗಂಟೆಗೆ ೬೦ ಕಿಲೋಮೀಟರಿನಂತೆ ಓಡುವ ವಾಹನವು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಮುಂದೆ ಹೋಗುವುದು. ೧೨೦ರಲ್ಲಿ ೩೩ ಮೀಟರು. ಆದರೆ ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರವು ಇಮ್ಮಡಿಯಲ್ಲ, ನಾಲ್ಮಡಿ. ಏಕೆಂದರೆ ಚಲನಶಕ್ತಿಯು ವೇಗದ ವರ್ಗದಂತೆ ವರ್ಧಿಸುವುದು. ನಮ್ಮ ಸೂಡಿಯಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಂಥ ದಾರಿಗಳಲ್ಲಿ ಎತ್ತಿನ ಬಂಡಿಯೂ ಕುರಿಯ ಹಿಂಡೂ ಶಾಲೆಯ ಮಕ್ಕಳೂ ಸಂಚರಿಸುವರು. ಸುಗ್ಗಿಯಲ್ಲಿ ರೈತರು ಕಾಳನ್ನು ಹರವುವುದೂ ಉಂಟು. ಅಲ್ಲಿ ವೇಗವನ್ನು ಪರೀಕ್ಷಿಸುವವನು ತನ್ನ ಪ್ರಾಣವನ್ನು ಮಾತ್ರವಲ್ಲ, ಪರರ ಪ್ರಾಣವನ್ನೂ ಪಣಕ್ಕೊಡ್ಡುವನು. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯವಾಡುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೯ನೆಯ ಕಲಮು ಅಪರಾಧವೆಂದು ಸಾರುತ್ತದೆ. ೨೦೧೯ರ ತಿದ್ದುಪಡಿಯಿಂದ ಶಿಕ್ಷೆಯೂ ಹೆಚ್ಚಿದೆ. ವೇಗದ ಆಸೆಯನ್ನು ಓಟದ ಪಥದಲ್ಲಿ, ಶಿರಸ್ತ್ರಾಣ ಧರಿಸಿ, ನುರಿತವರ ಕಣ್ಣೆದುರಿಗೆ ತೀರಿಸಿಕೊಳ್ಳುವಂತೆ ಮಾಡುವುದೇ ಸತ್ಸಂಘದ ಮೊದಲನೆಯ ಉಪಕಾರ. ರಾತ್ರಿಯ ಹೆದ್ದಾರಿಯಲ್ಲಿ ಪಂದ್ಯ ಕಟ್ಟುವ ಗುಂಪಿಗೆ ಸಂಘವೆಂಬ ಹೆಸರು ಒಪ್ಪದು.

ಕಟ್ಟಳೆಯಿಲ್ಲದ ಸಮೂಹವು ಸಂತೆಯೇ ಹೊರತು ಸಂಘವಲ್ಲ. ಚಾಲುಕ್ಯರ ಕಾಲದಲ್ಲಿ ಅಕ್ಕಾದೇವಿಯ ಆಳ್ವಿಕೆಗೆ ಒಳಪಟ್ಟಿದ್ದ ಈ ಸೂಡಿಯ ಹನ್ನೊಂದನೆಯ ಶತಮಾನದ ಶಾಸನದಲ್ಲಿ ಎಂಟು ಸೆಟ್ಟಿಗಳೂ ಎಂಬತ್ತು ಒಕ್ಕಲೂ ಕೂಡಿದ ಸಮೂಹದ ಮಾತು ಬರುವುದು. ಒಟ್ಟಾಗಿ ಬಾಳುವವರಿಗೆ ಮರ್ಯಾದೆಗಳಿರಬೇಕೆಂಬುದನ್ನು ನಮ್ಮ ಹಿರಿಯರು ಅಷ್ಟು ಹಿಂದೆಯೇ ಕಂಡಿದ್ದರು. ಹೊಸಬನೂ ಮರ್ಯಾದೆಯನ್ನರಿತು ಸೇರಲಿ: ಮೊದಲು ಕೇಳಲಿ, ಆಮೇಲೆ ಆಡಲಿ, ತನ್ನ ವಾಹನದ ಬೆಲೆಯನ್ನು ಸಾರದಿರಲಿ, ಹಳೆಯ ಗಾಡಿಯನ್ನು ಸ್ವಹಸ್ತದಿಂದ ದುರಸ್ತಿಮಾಡಿ ಇಟ್ಟುಕೊಂಡವನನ್ನು ಹಿರಿಯನೆಂದು ಭಾವಿಸಲಿ, ಮೊದಲ ಸಾವಿರ ಕಿಲೋಮೀಟರುಗಳಲ್ಲಿ ಎಂಜಿನ್ನನ್ನು ದಣಿಸದೆ, ತಯಾರಕರ ಸೂಚನೆಯಂತೆ ನಡೆಯಲಿ, ಪರರ ನಿದ್ರೆಯನ್ನು ಕೆಡಿಸುವ ಸೈಲೆನ್ಸರಿಗೆ ಆಶೆಪಡದಿರಲಿ.

ಗೃಹಸ್ಥರಿಗೆ ನಮ್ಮ ಸೂಚನೆ ಇಷ್ಟೇ: ಮಗನು ಸಂಘಕ್ಕೆ ಸೇರುವೆನೆಂದಾಗ ಬೇಡವೆನ್ನುವ ಮೊದಲು, ಆ ಸಂಘವು ಎಲ್ಲಿ ಕೂಡುವುದು, ಎಲ್ಲಿ ಓಡಿಸುವುದು, ತಪ್ಪಿದವನನ್ನು ಏನು ಮಾಡುವುದು ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರವು ಸಮರ್ಪಕವಾಗಿದ್ದರೆ ಸಂತೋಷದಿಂದ ಕಳುಹಿಸಿರಿ. ಒಂಟಿಯಾಗಿ ಕಲಿಯುವುದಕ್ಕಿಂತ ಅದು ಕ್ಷೇಮಕರ. ನಮ್ಮ ಊರುಗಳ ತೇರನ್ನು ನೂರಾರು ಜನರು ಹಗ್ಗ ಹಿಡಿದು ಎಳೆಯುವರು. ಗಾಲಿಯ ಅಡಿಗೆ ಮರದ ತುಂಡನ್ನು ಕೊಟ್ಟು ನಿಲ್ಲಿಸುವವರು ಕೆಲವರೇ. ಆ ಕೆಲವರಿರುವುದರಿಂದಲೇ ಎಳೆಯುವವರು ನಿರ್ಭಯರು. ವೇಗದ ರಥವನ್ನು ಏರುವ ತರುಣನಿಗೂ ಅಂಥ ಕೆಲವರು ಜೊತೆಗಿರಲಿ.